ಬೇಸಿಗೆಯ ಮಂದ ಮಾರುಕಟ್ಟೆಯಲ್ಲಿ ಆಪ್ಷನ್ ವ್ಯವಹಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಕಾಲಿಟ್ಟರೆ ಸಾಕು, ಮಾತಿನಲ್ಲೂ ಪತ್ರದಲ್ಲೂ ಇವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಕೇಳಿದವರ ಮಾತನ್ನು ಹೆಚ್ಚು ತಿದ್ದದೆ ಇಲ್ಲಿ ಇಟ್ಟಿದ್ದೇನೆ. ಬೇಸಿಗೆ ಎಂದರೆ ಇಲ್ಲಿ ಅಮೆರಿಕದ ಬೇಸಿಗೆ: ಜೂನ್‌ನಿಂದ ಹಿಡಿದು ಸೆಪ್ಟೆಂಬರ್‌ನ ಮೊದಲ ಸೋಮವಾರ ಬರುವ ಲೇಬರ್ ಡೇ ತನಕ. ಲೆಕ್ಕಗಳೆಲ್ಲ ಡಾಲರಿನಲ್ಲಿ. ಆಪ್ಷನ್ ಎಂದರೆ ಗೊತ್ತಾದ ದಿನದೊಳಗೆ (ಎಕ್ಸ್‌ಪೈರಿ) ಗೊತ್ತಾದ ಬೆಲೆಗೆ (ಸ್ಟ್ರೈಕ್) ಷೇರು ಕೊಳ್ಳುವ ಹಕ್ಕು (ಕಾಲ್) ಇಲ್ಲವೇ ಮಾರುವ ಹಕ್ಕು (ಪುಟ್); ಆ ಹಕ್ಕಿಗೆ ಕೊಡುವ ಬೆಲೆಯೇ ಪ್ರೀಮಿಯಂ. ಒಂದು ಕಾಂಟ್ರ್ಯಾಕ್ಟ್ ಎಂದರೆ 100 ಷೇರು. ಉದಾಹರಣೆಯ ಬೆಲೆಗಳು ಸೂತ್ರದಿಂದ ತೆಗೆದ ಅಂದಾಜು, ಯಾವುದೇ ಕಂಪನಿಯ ನಿಜ ಬೆಲೆಯಲ್ಲ.

## ಮೊದಲ ಮೆಟ್ಟಿಲು

ಬೇಸಿಗೆ ಬಂದ ಕೂಡಲೇ ಮಾರ್ಕೆಟ್ ಮಲಗಿಬಿಡುತ್ತೆ ಅಂತಾರಲ್ಲ, ನಿಜಾನಾ?

ಅರ್ಧ ನಿಜ. ಎರಡು ಬೇರೆ ಸಂಗತಿಗಳನ್ನು ಜನ ಒಂದೇ ಮಾತಿನಲ್ಲಿ ಕಲಸಿಬಿಡುತ್ತಾರೆ. ಒಂದು, ವಹಿವಾಟು ತೆಳುವಾಗುವುದು. ದೊಡ್ಡ ಫಂಡುಗಳನ್ನು ನಡೆಸುವವರು ರಜೆಗೆ ಹೋಗುತ್ತಾರೆ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಆಚೀಚೆ, ಮತ್ತೆ ಆಗಸ್ಟ್‌ನ ಕೊನೆಯ ಎರಡು ವಾರ ಇದು ಕಣ್ಣಿಗೇ ಕಾಣುತ್ತದೆ. ಇನ್ನೊಂದು, ಬೇಸಿಗೆಯಲ್ಲಿ ಲಾಭ ಕಡಿಮೆ ಎಂಬ ನಂಬಿಕೆ. "ಮೇ ತಿಂಗಳಲ್ಲಿ ಮಾರಿ ಹೊರಡು" ಎಂದು ಲಂಡನ್ ಪೇಟೆಯಲ್ಲಿ ಹಳೆಯ ಮಾತಿದೆ. 2002ರಲ್ಲಿ ಬೌಮನ್ ಮತ್ತು ಜೇಕಬ್ಸನ್ ಎಂಬ ಸಂಶೋಧಕರು 37 ದೇಶಗಳ ಲೆಕ್ಕ ತೆಗೆದು ನೋಡಿದಾಗ, 36ರಲ್ಲಿ ನವೆಂಬರ್‌ನಿಂದ ಏಪ್ರಿಲ್ ತನಕದ ಗಳಿಕೆಯೇ ಹೆಚ್ಚಿತ್ತು.

ಅದು ಸರಾಸರಿಯ ಮಾತು. ಈ ವರ್ಷದ ಜುಲೈಗೆ ಅದನ್ನು ತಂದು ಅಂಟಿಸಲು ಬರುವುದಿಲ್ಲ. ಆಪ್ಷನ್ ಮಾಡುವವರಿಗೆ ಬೇಕಾದದ್ದು ಮೊದಲನೆಯ ಸಂಗತಿ. ವಹಿವಾಟು ತೆಳುವಾದಾಗ ಸಾಮಾನ್ಯ ದಿನಗಳಲ್ಲಿ ಬೆಲೆ ಅಲುಗುವುದಿಲ್ಲ, ಕೆಟ್ಟ ಸುದ್ದಿ ಬಂದ ದಿನ ಹಿಡಿದು ನಿಲ್ಲಿಸುವವರೂ ಇರುವುದಿಲ್ಲ. ಮುಂದಿನ ಬಹಳಷ್ಟು ಉತ್ತರಗಳು ಈ ಒಂದು ಸಂಗತಿಯ ಮೇಲೇ ನಿಂತಿವೆ.

ಷೇರು ನಾನು ಹೇಳಿದ ಕಡೆಗೇ ಹೋಯ್ತು. ಆದ್ರೂ ಕಾಲ್‌ನಲ್ಲಿ ದುಡ್ಡು ಹೋಯ್ತು. ಎಲ್ಲಿ ತಪ್ಪಿದೆ?

ದಿಕ್ಕು ಸರಿ ಇತ್ತು, ವೇಗ ಸಾಲಲಿಲ್ಲ. ಷೇರು 100 ಡಾಲರ್, ಐವಿ ಅಂದರೆ ಇಂಪ್ಲೈಡ್ ವೊಲಾಟಿಲಿಟಿ (ವರ್ಷದ ಲೆಕ್ಕದಲ್ಲಿ ಷೇರು ಶೇಕಡಾ ಎಷ್ಟು ಆಡೀತು ಎಂದು ಆಪ್ಷನ್ ಬೆಲೆಯಲ್ಲಿ ಅಡಗಿರುವ ಅಂದಾಜು) 20 ಇದೆ ಎನ್ನಿ. 30 ದಿನದ 100ರ ಕಾಲ್ ಸುಮಾರು 2.30 ಡಾಲರ್ ಇರುತ್ತದೆ. ಷೇರು ಅಲುಗದಿದ್ದರೆ 15 ದಿನ ಕಳೆದಾಗ ಅದು 1.60ಕ್ಕೆ ಇಳಿದಿರುತ್ತದೆ, ಏಳು ದಿನ ಉಳಿದಾಗ 1.10. ಮೊದಲ ಅರ್ಧದಲ್ಲಿ 70 ಸೆಂಟ್ ಕರಗಿದರೆ, ಉಳಿದರ್ಧದಲ್ಲಿ 1.60 ಕರಗುತ್ತದೆ. ಕಾಲದ ಈ ಸವಕಳಿಗೆ ಥೀಟಾ ಎನ್ನುತ್ತಾರೆ. ಷೇರು ತಿಂಗಳಿಡೀ ತೆವಳಿ 101.50 ಮುಟ್ಟಿತು ಅಂದರೆ ನಿಮ್ಮ ಅಂದಾಜು ಸರಿ, ಕೈಗೆ ಬಂದದ್ದು ಮಾತ್ರ 1.50. ಎಂಬತ್ತು ಸೆಂಟ್ ನಷ್ಟ, ಅಂದರೆ ಕಾಂಟ್ರ್ಯಾಕ್ಟಿಗೆ 80 ಡಾಲರ್.

ಮಧ್ಯದಲ್ಲಿ ಐವಿ ಇಳಿದರೆ ಮತ್ತೊಂದು ಪೆಟ್ಟು. ಮೇಲಿನ ಕಾಲ್‌ಗೆ ಐವಿಯ ಒಂದೊಂದು ಅಂಕಕ್ಕೂ ಆರಂಭದಲ್ಲಿ 11 ಸೆಂಟ್ ಆಸುಪಾಸು ಹೋಗುತ್ತದೆ. ಬೇಸಿಗೆಯ ಮಂದ ಏರಿಕೆಯಲ್ಲಿ ಬೆಲೆ ಏರುವುದು, ಐವಿ ಇಳಿಯುವುದು ಜೊತೆಜೊತೆಗೇ ನಡೆಯುವುದು ಮಾಮೂಲು. ಹೊಸಬರಿಗೆ ಇದರಷ್ಟು ಉರಿ ಹತ್ತಿಸುವ ಸಂಗತಿ ಇನ್ನೊಂದಿಲ್ಲ.

ವಿಕ್ಸ್ 12 ಅಂತ ತೋರಿಸ್ತಿದೆ. ಅದರಿಂದ ನಾನೇನು ತಿಳ್ಕೋಬೇಕು?

ವಿಕ್ಸ್ ಎಂದರೆ ಅಮೆರಿಕದ ದೊಡ್ಡ ಕಂಪನಿಗಳ ಎಸ್ ಅಂಡ್ ಪಿ 500 ಸೂಚ್ಯಂಕದ ಆಪ್ಷನ್ ಬೆಲೆಗಳಿಂದ ತೆಗೆದ ಐವಿ. ಅದನ್ನು 16ರಿಂದ ಭಾಗಿಸಿ. ವರ್ಷಕ್ಕೆ ಸುಮಾರು 252 ವಹಿವಾಟಿನ ದಿನಗಳು, ಅದರ ವರ್ಗಮೂಲ 16ಕ್ಕೆ ಹತ್ತಿರ. ವಿಕ್ಸ್ 16 ಇದ್ದರೆ ಎಸ್ ಅಂಡ್ ಪಿ 500 ಸೂಚ್ಯಂಕ ದಿನಕ್ಕೆ ಶೇ. 1ರಷ್ಟು ಆಡಬಹುದೆಂದು ಆಪ್ಷನ್ ಬೆಲೆಗಳು ಹೇಳುತ್ತಿವೆ. 12 ಇದ್ದರೆ ಶೇ. 0.75. ಬಹುಪಾಲು ದಿನಗಳು ಅದರೊಳಗೇ ಮುಗಿಯಬೇಕೆಂಬುದು ಲೆಕ್ಕ. ಇದು ಇಡೀ ಸೂಚ್ಯಂಕದ ಮಾತು ಎಂಬುದು ನೆನಪಿರಲಿ. ನಿಮ್ಮ ಕೈಯಲ್ಲಿರುವ ಷೇರಿನ ಐವಿಯನ್ನು ಬೇರೆಯಾಗಿಯೇ ನೋಡಬೇಕು.

ಪ್ರೀಮಿಯಂ ಇಷ್ಟು ಕಡಿಮೆ ಇರೋವಾಗ ಕೊಂಡು ಇಟ್ಕೊಳ್ಳೋದೇ ಜಾಣತನ ಅಲ್ವಾ? ಅಗ್ಗ ತಾನೆ?

ಕಡಿಮೆ ಬೆಲೆ ಬೇರೆ, ಅಗ್ಗ ಬೇರೆ. ಐವಿ 12 ಇದ್ದು ಷೇರು ನಿಜವಾಗಿ ಆಡುತ್ತಿರುವುದು 8ರ ಲೆಕ್ಕದಲ್ಲಾದರೆ ಆ ಆಪ್ಷನ್ ದುಬಾರಿ. ಐವಿ 40 ಇದ್ದು ಷೇರು 55ರ ಲೆಕ್ಕದಲ್ಲಿ ಕುಣಿಯುತ್ತಿದ್ದರೆ ಅದೇ ಅಗ್ಗ. ಹೋಲಿಸಬೇಕಾದದ್ದು ಐವಿಯನ್ನು ಕಳೆದ ಇಪ್ಪತ್ತು ಮೂವತ್ತು ದಿನಗಳ ನಿಜವಾದ ಏರಿಳಿತದ ಜೊತೆ, ಆಮೇಲೆ ಮುಂದೆ ಬರಲಿರುವ ಘಟನೆಗಳ ಜೊತೆ. ಮಂದ ಕಾಲದಲ್ಲಿ ಐವಿ ಇಳಿದಿರುತ್ತದೆ, ನಿಜವಾದ ಏರಿಳಿತ ಅದಕ್ಕಿಂತಲೂ ಕೆಳಗೆ ಇಳಿದಿರುವುದುಂಟು.

2017ರ ಬೇಸಿಗೆ ನೋಡಿ. ಜುಲೈಯಲ್ಲಿ ವಿಕ್ಸ್ 9ಕ್ಕಿಂತ ಕೆಳಗೂ ಒಮ್ಮೆ ಇಣುಕಿತು. "ಇದಕ್ಕಿಂತ ಇನ್ನೇನು ಇಳಿದೀತು" ಎಂದು ಕೊಂಡವರು ಕಾಯುತ್ತಲೇ ಇದ್ದರು. ನವೆಂಬರ್ 3ರಂದು ಅದು 9.14ಕ್ಕೆ ಮುಗಿಯಿತು. ಸ್ಫೋಟ ಆದದ್ದು 2018ರ ಫೆಬ್ರವರಿ 5ರಂದು. ಅಷ್ಟು ಹೊತ್ತಿಗೆ ಆ ಬೇಸಿಗೆಯ ಆಪ್ಷನ್‌ಗಳೆಲ್ಲ ಮುಗಿದುಹೋಗಿ ತಿಂಗಳುಗಳೇ ಆಗಿದ್ದವು.

ಕೊಂಡ ತಕ್ಷಣವೇ ಶೇ. 15ರಷ್ಟು ನಷ್ಟ ತೋರಿಸುತ್ತೆ. ಬ್ರೋಕರ್ ಮೋಸ ಮಾಡ್ತಿದ್ದಾನಾ?

ಇಲ್ಲ, ಅದು ಬಿಡ್ (ಕೊಳ್ಳುವವರು ಕೊಡುವ ಬೆಲೆ) ಮತ್ತು ಆಸ್ಕ್ (ಮಾರುವವರು ಕೇಳುವ ಬೆಲೆ) ನಡುವಿನ ಅಂತರ. ಬಿಡ್ 1.00, ಆಸ್ಕ್ 1.20 ಇರುವ ಆಪ್ಷನ್ ಅನ್ನು ಮಾರ್ಕೆಟ್ ಆರ್ಡರ್ (ಈಗ ಸಿಕ್ಕ ಬೆಲೆಗೆ ಆಗಲಿ ಎಂಬ ಆದೇಶ) ಹಾಕಿ ಕೊಂಡರೆ 1.20 ಕೊಟ್ಟಿರಿ. ಮರುಕ್ಷಣ ಮಾರಿದರೆ ಸಿಗುವುದು 1.00. ಆರರಲ್ಲೊಂದು ಪಾಲು ಅಲ್ಲೇ ಹೋಯಿತು. ಬೇಸಿಗೆಯಲ್ಲಿ ಈ ಅಂತರ ಹಿಗ್ಗುತ್ತದೆ, ದೂರದ ಸ್ಟ್ರೈಕ್‌ಗಳಲ್ಲಂತೂ ಇನ್ನೂ ಹೆಚ್ಚು.

ಮದ್ದು ಸರಳ: ಲಿಮಿಟ್ ಆರ್ಡರ್ (ನೀವು ಹೇಳಿದ ಬೆಲೆಗೆ ಸಿಕ್ಕರೆ ಮಾತ್ರ ಎಂಬ ಆದೇಶ) ಬಿಟ್ಟು ಬೇರೆ ಹಾಕಬೇಡಿ. ನಡುಬೆಲೆ 1.10ರಲ್ಲಿ ಇಟ್ಟು ಒಂದೆರಡು ನಿಮಿಷ ಕಾದು, ಬೇಕಾದರೆ ಒಂದೊಂದು ಸೆಂಟ್ ಏರಿಸಿ. ಮಾರುಕಟ್ಟೆ ತೆರೆದ ಮೊದಲ ಕಾಲು ಗಂಟೆ ಕೈ ಕಟ್ಟಿ ಕೂರಿ. ಓಪನ್ ಇಂಟರೆಸ್ಟ್ (ಇನ್ನೂ ಬಿಡಿಸಿಕೊಳ್ಳದೆ ಉಳಿದ ಕಾಂಟ್ರ್ಯಾಕ್ಟ್ ಸಂಖ್ಯೆ) ಎರಡಂಕಿಯಲ್ಲಿರುವ ಸ್ಟ್ರೈಕ್‌ಗಳ ಕಡೆ ಹೋಗಲೇಬೇಡಿ. ನಾಲ್ಕು ಆಪ್ಷನ್ (ಎರಡು ಕಾಲ್, ಎರಡು ಪುಟ್) ಸೇರಿದ ಐರನ್ ಕಾಂಡರ್‌ನಲ್ಲಿ ಈ ಅಂತರವನ್ನು ಹಾಕುವಾಗ ನಾಲ್ಕು ಸಲ, ಬಿಡಿಸಿಕೊಳ್ಳುವಾಗ ಮತ್ತೆ ನಾಲ್ಕು ಸಲ ದಾಟಬೇಕಾಗುತ್ತದೆ. ಕಾಗದದ ಮೇಲೆ ಚೆನ್ನಾಗಿ ಕಂಡ ಎಷ್ಟೋ ಲೆಕ್ಕ ಹಳ್ಳ ಹಿಡಿಯುವುದು ಇಲ್ಲೇ.

## ಕೈ ಪಳಗಿದ ಮೇಲೆ

ಷೇರುಗಳು ಸುಮ್ಮನೆ ಬಿದ್ದಿವೆ. ಕವರ್ಡ್ ಕಾಲ್ ಮಾರಿ ಬಾಡಿಗೆ ತಗೋಬಹುದಾ?

ಕೈಯಲ್ಲಿರುವ ಷೇರಿನ ಮೇಲೆ ಕಾಲ್ ಮಾರುವುದೇ ಕವರ್ಡ್ ಕಾಲ್. ತಗೊಳ್ಳಬಹುದು, ಬಾಡಿಗೆ ಮಾತ್ರ ಪಾತಾಳಕ್ಕಿಳಿದಿರುತ್ತದೆ. ಷೇರು 50, ಒಂದು ತಿಂಗಳ 52.50ರ ಕಾಲ್. ಐವಿ 20 ಇದ್ದಾಗ ಸುಮಾರು 37 ಸೆಂಟ್ ಸಿಗುತ್ತದೆ. ಐವಿ 12ಕ್ಕೆ ಇಳಿದರೆ 9 ಸೆಂಟ್ ಆಸುಪಾಸು. ಐವಿ ಅರ್ಧದಷ್ಟೂ ಇಳಿದಿಲ್ಲ, ಪ್ರೀಮಿಯಂ ಮಾತ್ರ ನಾಲ್ಕರಲ್ಲೊಂದು ಪಾಲಾಯಿತು. ಹತ್ತಿರದ ಸ್ಟ್ರೈಕ್‌ಗಿಂತ ದೂರದ ಸ್ಟ್ರೈಕ್ ಬೆಲೆ ಹೀಗೆ ಬೇಗ ಸವೆಯುತ್ತದೆ.

ಆಗ ಜನ ಮಾಡುವ ತಪ್ಪು ಒಂದೇ: 37 ಸೆಂಟ್ ಬೇಕೇ ಬೇಕೆಂದು ಸ್ಟ್ರೈಕ್ ಅನ್ನು 51ಕ್ಕೆ ಎಳೆಯುತ್ತಾರೆ. ಒಂದು ಒಳ್ಳೆ ಸುದ್ದಿ ಬಂದು ಷೇರು 56ಕ್ಕೆ ಹಾರಿದರೆ, ಐದು ಡಾಲರ್ ಬೇರೆಯವರ ಜೇಬಿಗೆ. ನನ್ನ ಅಭಿಪ್ರಾಯ ಕೇಳಿದರೆ, 9 ಸೆಂಟಿಗೆ ಷೇರಿನ ಮೇಲ್ಮಹಡಿಯನ್ನು ಬರೆದುಕೊಡುವುದಕ್ಕಿಂತ ಆ ತಿಂಗಳು ಏನೂ ಮಾರದೆ ಇರುವುದು ಮೇಲು. ಮಾರುವುದೇ ಆದರೆ, ಆ ಬೆಲೆಗೆ ಷೇರು ಹೋದರೂ ಬೇಸರವಿಲ್ಲ ಎನಿಸುವ ಸ್ಟ್ರೈಕ್ ಆರಿಸಿ.

ಏನೂ ಅಲುಗಲ್ಲ ಅಂದ್ಮೇಲೆ ಪುಟ್ ಸ್ಪ್ರೆಡ್ ಮಾರ್ತಾ ಹೋದ್ರೆ ಸುಲಭದ ದುಡ್ಡಲ್ವಾ? ಹತ್ತಕ್ಕೆ ಒಂಬತ್ತು ಸಲ ಗೆಲ್ತೀನಿ.

ಹತ್ತಕ್ಕೆ ಒಂಬತ್ತು ಗೆದ್ದರೂ ಸೋಲುವ ಲೆಕ್ಕ ಇದೆ. 100ರ ಷೇರಿನಲ್ಲಿ 95ರ ಪುಟ್ ಮಾರಿ, 90ರ ಪುಟ್ ಕೊಂಡು, 40 ಸೆಂಟ್ ಪಡೆದಿರಿ ಎನ್ನೋಣ. ಗೆದ್ದರೆ 40 ಡಾಲರ್, ಪೂರಾ ಸೋತರೆ 460 ಡಾಲರ್. ಒಂದು ಪೂರ್ತಿ ಸೋಲು ಹನ್ನೊಂದು ಗೆಲುವನ್ನು ನುಂಗುತ್ತದೆ. ಅಸಲು ಉಳಿಯಬೇಕಾದರೆ ನೂರಕ್ಕೆ 92 ಸಲ ಗೆಲ್ಲಬೇಕು, ಕಮಿಷನ್ ಮತ್ತು ಬಿಡ್ ಅಂತರ ಬೇರೆ. ಎಲ್ಲ ಸೋಲೂ ಪೂರ್ತಿ ಸೋಲಲ್ಲ, ಸರಿ. ಆದರೆ ಬೇಸಿಗೆಯ ಸೋಲುಗಳು ಬಿಡಿಬಿಡಿಯಾಗಿ ಬರುವುದು ಕಡಿಮೆ. ಐದು ಬೇರೆ ಷೇರುಗಳಲ್ಲಿ ಮಾರಿಟ್ಟ ಪುಟ್‌ಗಳು ಒಂದೇ ಬೆಳಿಗ್ಗೆ ಒಟ್ಟಿಗೇ ಮುಳುಗುತ್ತವೆ.

ಇನ್ನೂ ಕೆಟ್ಟದ್ದೆಂದರೆ ಪ್ರೀಮಿಯಂ ಅರ್ಧವಾಯಿತೆಂದು ಕಾಂಟ್ರ್ಯಾಕ್ಟ್ ಸಂಖ್ಯೆ ದುಪ್ಪಟ್ಟು ಮಾಡುವುದು. ಇದನ್ನು ನಾನೂ ಮಾಡಿದ್ದೇನೆ. ಮೂರು ವಾರ ಚೆನ್ನಾಗಿತ್ತು, ನಾಲ್ಕನೆಯ ವಾರದ ಒಂದು ಶುಕ್ರವಾರ ಇಡೀ ಬೇಸಿಗೆಯ ಗಳಿಕೆ ಹೋಯಿತು. ಸಂಖ್ಯೆಯನ್ನು ಸಿಗುವ ಪ್ರೀಮಿಯಂನಿಂದ ನಿರ್ಧರಿಸಬೇಡಿ, ಹೋಗಬಹುದಾದ ಗರಿಷ್ಠ ಮೊತ್ತದಿಂದ ನಿರ್ಧರಿಸಿ. ಖಾತೆಯಲ್ಲಿ 50,000 ಇದೆ, ಒಂದು ವ್ಯವಹಾರಕ್ಕೆ ಶೇ. 2ರ ಮಿತಿ ಇಟ್ಟಿದ್ದೀರಿ ಅಂದರೆ 1,000. ಮೇಲಿನ ಸ್ಪ್ರೆಡ್ ಎರಡೇ ಹಾಕಲು ಬರುತ್ತದೆ. ಸಿಗುವುದು 80 ಡಾಲರ್. ಅಷ್ಟೇನಾ ಎನಿಸಿದರೆ ಆ ವ್ಯವಹಾರವನ್ನೇ ಬಿಟ್ಟುಬಿಡಿ.

ಉದ್ದದ ವಾರಾಂತ್ಯಕ್ಕೆ ಮುಂಚೆ ಮಾರಿಟ್ಟರೆ ಮೂರು ದಿನದ ಥೀಟಾ ಪುಕ್ಕಟೆ ಸಿಗುತ್ತಾ?

ಸಿಗುವುದಿಲ್ಲ. ಶನಿವಾರ ಭಾನುವಾರ ಬರುತ್ತವೆಂಬುದು ಸದಾ ಬಿಡ್ ಮತ್ತು ಆಸ್ಕ್ ಎರಡೂ ಕೊಡುವ ಮಾರ್ಕೆಟ್ ಮೇಕರ್‌ಗಳಿಗೂ ಗೊತ್ತು. ಶುಕ್ರವಾರ ಮಧ್ಯಾಹ್ನದೊಳಗೇ ಆ ದಿನಗಳ ಸವಕಳಿಯನ್ನು ಬೆಲೆಯಿಂದ ಬಹುಪಾಲು ಇಳಿಸಿಟ್ಟಿರುತ್ತಾರೆ. ಲೇಬರ್ ಡೇ ಮುಂಚಿನ ಶುಕ್ರವಾರವೂ ಹಾಗೇ. ಉಳಿಯುವುದು ಮೂರು ದಿನ ಬಾಗಿಲು ಮುಚ್ಚಿದ ಮಾರುಕಟ್ಟೆಯ ಅಪಾಯ ಮಾತ್ರ.

ಎಲ್ಲ ತಣ್ಣಗಿರೋವಾಗ ಜುಲೈ ಫಲಿತಾಂಶಗಳ ಮೇಲೆ ಆಡೋದು ಒಳ್ಳೇದಾ?

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಕಂಪನಿಗಳ ಎರಡನೇ ತ್ರೈಮಾಸಿಕದ ಫಲಿತಾಂಶ ಬರುತ್ತದೆ. ಬೇಸಿಗೆಯಲ್ಲಿ ಷೇರುಗಳು ನಿಜವಾಗಿ ಕುಣಿಯುವ ಕಾಲ ಇದೊಂದೇ ಎಂದರೂ ನಡೆದೀತು. ಆಪ್ಷನ್ ಬೆಲೆಗೆ ಇದು ಮೊದಲೇ ಗೊತ್ತಿರುತ್ತದೆ. ಫಲಿತಾಂಶದ ಹಿಂದಿನ ದಿನ, ಅದನ್ನು ಒಳಗೊಂಡ ಅತಿ ಹತ್ತಿರದ ಎಕ್ಸ್‌ಪೈರಿಯಲ್ಲಿ ಷೇರು ಬೆಲೆಯ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಕೂಡಿಸಿ. 100ರ ಷೇರಿಗೆ ಅದು 7 ಆದರೆ, ಮಾರುಕಟ್ಟೆ ಸುಮಾರು ಶೇ. 7ರ ಜಿಗಿತವನ್ನು ಈಗಾಗಲೇ ಲೆಕ್ಕಕ್ಕೆ ಹಿಡಿದಿದೆ. ಕಳೆದ ಎಂಟು ಫಲಿತಾಂಶಗಳ ಮರುದಿನ ಷೇರು ಎಷ್ಟು ಜಿಗಿದಿತ್ತು ಎಂದು ತೆಗೆದು ಇದರ ಪಕ್ಕ ಇಟ್ಟು ನೋಡಿ. ಅದು ಮಾಡದೆ ಕಾಲ್ ಕೊಂಡವರು ಮರುದಿನ ಐವಿ ಕುಸಿದಾಗ, ಷೇರು ಶೇ. 2 ಏರಿಯೂ ನಷ್ಟ ಕಾಣುತ್ತಾರೆ.

ಐವಿ ರ‍್ಯಾಂಕ್ 20 ತೋರಿಸುತ್ತೆ, ಐವಿ ಪರ್ಸೆಂಟೈಲ್ 45. ಯಾವುದನ್ನ ನಂಬಲಿ?

ಎರಡೂ ಸರಿ, ಕೇಳುತ್ತಿರುವ ಪ್ರಶ್ನೆಗಳೇ ಬೇರೆ. ವರ್ಷದಲ್ಲಿ ಐವಿಯ ಕನಿಷ್ಠ 15, ಗರಿಷ್ಠ 60, ಇವತ್ತು 24 ಎಂದರೆ ರ‍್ಯಾಂಕ್ ಎಂಬುದು 45ರಲ್ಲಿ 9, ಅಂದರೆ 20. ಪರ್ಸೆಂಟೈಲ್ ಎಂಬುದು ಇವತ್ತಿಗಿಂತ ಕಡಿಮೆ ಐವಿ ಇದ್ದ ದಿನಗಳ ಪಾಲು. ಒಂದೇ ಒಂದು ಗಾಬರಿಯ ದಿನ 60 ಮುಟ್ಟಿದ್ದರೆ ವರ್ಷವಿಡೀ ರ‍್ಯಾಂಕ್ ತಗ್ಗಾಗಿಯೇ ಕಾಣುತ್ತದೆ. ಬೇಸಿಗೆಯಲ್ಲಿ ನಾನು ಪರ್ಸೆಂಟೈಲ್ ನೋಡುತ್ತೇನೆ.

## ಆಳಕ್ಕೆ ಇಳಿದವರಿಗೆ

ಸೂಚ್ಯಂಕ ಅಲುಗ್ತಾನೇ ಇಲ್ಲ, ನನ್ನ ಷೇರುಗಳು ಮಾತ್ರ ಎಗರಾಡ್ತಿವೆ. ವಿಕ್ಸ್ ಸುಳ್ಳು ಹೇಳ್ತಿದೆಯಾ?

ವಿಕ್ಸ್ ಸುಳ್ಳಲ್ಲ, ಷೇರುಗಳು ಒಂದನ್ನೊಂದು ಕಳೆದುಹಾಕುತ್ತಿವೆ. ಐನೂರು ಷೇರುಗಳಲ್ಲಿ ಅರ್ಧ ಶೇ. 2 ಏರಿ, ಇನ್ನರ್ಧ ಶೇ. 2 ಇಳಿದರೆ ಸೂಚ್ಯಂಕ ಸೊನ್ನೆ. ಷೇರುಗಳ ನಡುವಿನ ಕೊರಿಲೇಶನ್ (ಒಟ್ಟಿಗೆ ಚಲಿಸುವ ಗುಣ) ಕುಸಿದಾಗ ಹೀಗಾಗುತ್ತದೆ. ಫಲಿತಾಂಶಗಳ ಕಾಲದಲ್ಲಿ ಪ್ರತಿ ಕಂಪನಿಯೂ ತನ್ನದೇ ಸುದ್ದಿಗೆ ಓಡುವುದರಿಂದ ಇದು ಹೆಚ್ಚು.

ಮಂದ ಮಾರುಕಟ್ಟೆ ಎಂಬ ಮಾತನ್ನು ಅಳೆದು ನೋಡಬೇಕಾದದ್ದು ಇಲ್ಲೇ. ಸೂಚ್ಯಂಕ ಶಾಂತವಾಗಿದೆ ಎಂದು ಒಂದು ಷೇರಿನ ಸ್ಟ್ರಾಡಲ್ (ಒಂದೇ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಜೋಡಿ) ಮಾರುವುದು ಅಪಾಯ. ಇನ್ನೊಂದು ಮಗ್ಗುಲೂ ಇದೆ: ಸೂಚ್ಯಂಕದ ಈ ಶಾಂತಿ ನಿಂತಿರುವುದು ಷೇರುಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತಿರುವುದರಿಂದ. ಗಾಬರಿ ಹುಟ್ಟಿದ ದಿನ ಎಲ್ಲವೂ ಒಂದೇ ದಿಕ್ಕಿಗೆ ತಿರುಗುತ್ತವೆ. ಆ ದಿನ ಪ್ರತಿ ಷೇರಿನ ಏರಿಳಿತ ಒಂದೂವರೆ ಪಟ್ಟು ಹೆಚ್ಚಿದ್ದರೂ, ಸೂಚ್ಯಂಕದ್ದು ಮೂರು ಪಟ್ಟು ಹೆಚ್ಚಿರಬಹುದು.

ದೊಡ್ಡ ಬೀಳು ಆಗಸ್ಟ್‌ನಲ್ಲೇ ಯಾಕೆ ಬರುತ್ತೆ?

ಆಗಸ್ಟ್‌ನಲ್ಲೇ ಬರುತ್ತದೆ ಎನ್ನುವುದು ಅತಿಯಾಯಿತು. 1987ರಲ್ಲಿ ಬಂದದ್ದು ಅಕ್ಟೋಬರ್‌ನಲ್ಲಿ, 2020ರದ್ದು ಮಾರ್ಚ್‌ನಲ್ಲಿ. ಆದರೂ ಆಗಸ್ಟ್‌ನ ಪಟ್ಟಿ ಸಣ್ಣದೇನಲ್ಲ. 1998ರ ಆಗಸ್ಟ್ 17ರಂದು ರಷ್ಯಾ ಸಾಲ ತೀರಿಸಲಾಗದೆ ಕೈ ಎತ್ತಿತು. 2011ರಲ್ಲಿ ಅಮೆರಿಕದ ಸಾಲದ ರೇಟಿಂಗ್ ಇಳಿದ ನಂತರದ ಸೋಮವಾರ, ಆಗಸ್ಟ್ 8ರಂದು, ಎಸ್ ಅಂಡ್ ಪಿ 500 ಶೇ. 6.66 ಬಿದ್ದು ವಿಕ್ಸ್ 48 ಮುಟ್ಟಿತು. 2015ರಲ್ಲಿ ಚೀನಾ ಯುವಾನ್ ಬೆಲೆ ತಗ್ಗಿಸಿದ ಎರಡು ವಾರಕ್ಕೆ, ಆಗಸ್ಟ್ 24ರಂದು, ಡೌ ಜೋನ್ಸ್ ಸೂಚ್ಯಂಕ ಮಾರುಕಟ್ಟೆ ತೆರೆದ ಕೆಲವೇ ನಿಮಿಷಗಳಲ್ಲಿ ಸಾವಿರ ಅಂಶಕ್ಕೂ ಹೆಚ್ಚು ಕುಸಿಯಿತು.

2024 ಇನ್ನೂ ಹತ್ತಿರದ್ದು. ಜುಲೈ ಮಧ್ಯದಲ್ಲಿ ವಿಕ್ಸ್ 13ರ ಆಸುಪಾಸಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಜುಲೈ 31ರಂದು ಜಪಾನಿನ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿತು, ಆಗಸ್ಟ್ 2ರಂದು ಅಮೆರಿಕದ ಉದ್ಯೋಗದ ಅಂಕಿ ಅಂಶ ಸೊರಗಿ ಬಂತು. ಅಗ್ಗದ ಯೆನ್ ಸಾಲ ಮಾಡಿ ಬೇರೆ ಕಡೆ ಹೂಡಿದ್ದವರು ಒಟ್ಟಿಗೇ ಬಾಗಿಲಿಗೆ ಓಡಿದರು. ಆಗಸ್ಟ್ 5ರ ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮುಂಚೆಯೇ ವಿಕ್ಸ್ 65 ದಾಟಿ, ದಿನದ ಕೊನೆಗೆ 38.57ಕ್ಕೆ ನಿಂತಿತು. ಆ 65ರಲ್ಲಿ ಬಿಡ್ ಮತ್ತು ಆಸ್ಕ್ ಅಂತರ ಹುಚ್ಚುಚ್ಚಾಗಿ ಹಿಗ್ಗಿದ್ದರ ಪಾಲೂ ದೊಡ್ಡದು, ಏಕೆಂದರೆ ವಿಕ್ಸ್ ಲೆಕ್ಕ ಹಾಕುವುದೇ ಆ ನಡುಬೆಲೆಗಳಿಂದ. ತೆಳು ಮಾರುಕಟ್ಟೆ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಪಾಠ ಸಿಗದು. ಆ ಹೊತ್ತಿನಲ್ಲಿ ಮಾರ್ಕೆಟ್ ಆರ್ಡರ್ ಹಾಕಿ ಪುಟ್ ಬಿಡಿಸಿಕೊಂಡವರು ಕೊಟ್ಟ ಬೆಲೆ ಎರಡೇ ಗಂಟೆ ಕಾದಿದ್ದರೆ ಕೊಡಬೇಕಿರಲಿಲ್ಲ. ಕಾಯಲು ಆಗದಂತೆ ಮಾಡುವುದು ಮಾರ್ಜಿನ್ ಕಾಲ್, ಅಂದರೆ ಖಾತೆಗೆ ಕೂಡಲೇ ಇನ್ನಷ್ಟು ದುಡ್ಡು ಹಾಕು ಎಂಬ ಬ್ರೋಕರ್‌ನ ಕರೆ. ಅದಕ್ಕೇ ಮೇಲೆ ಸಂಖ್ಯೆಯ ವಿಷಯಕ್ಕೆ ಅಷ್ಟು ಕೊರೆದದ್ದು.

ಹಾಗಾದ್ರೆ ವಿಕ್ಸ್ ಕಾಲ್ ಕೊಂಡು ಇಟ್ಕೊಂಡ್ರೆ ಮುಗೀತಲ್ಲ?

ವಿಕ್ಸ್ 13 ಎಂದು ಪರದೆಯಲ್ಲಿ ಕಂಡರೂ ವಿಕ್ಸ್ ಆಪ್ಷನ್‌ನ ಬೆಲೆ ನಿಲ್ಲುವುದು ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತುಮಾಡಿಕೊಳ್ಳುವ ಒಪ್ಪಂದ) ಮೇಲೆ. ಶಾಂತ ಕಾಲದಲ್ಲಿ ಮುಂದಿನ ತಿಂಗಳುಗಳ ಫ್ಯೂಚರ್ಸ್ ಮೆಟ್ಟಿಲಿನಂತೆ ಮೇಲೆ ಮೇಲೆ ಇರುತ್ತವೆ, ಸೆಪ್ಟೆಂಬರ್‌ನದ್ದು 16 ಇರಬಹುದು. ಏನೂ ಆಗದಿದ್ದರೆ ಆ 16 ಮೆಲ್ಲಗೆ 13ರ ಕಡೆಗೆ ಜಾರುತ್ತದೆ, ನಿಮ್ಮ ಕಾಲ್ ಅದರ ಜೊತೆ ಜಾರುತ್ತದೆ. ಏನಾದರೂ ಆದರೂ ದೂರದ ಫ್ಯೂಚರ್ಸ್ ವಿಕ್ಸ್‌ನಷ್ಟು ಎತ್ತರಕ್ಕೆ ಜಿಗಿಯುವುದಿಲ್ಲ. 2024ರಲ್ಲಿ ವಿಕ್ಸ್ ಹತ್ತು ದಿನದೊಳಗೆ 20ಕ್ಕಿಂತ ಕೆಳಗೆ ಬಂದಿತ್ತು, ಲಾಭ ಕಂಡವರು ಅದೇ ವಾರ ಮಾರಿದವರು.

ಕಾಪು ಬೇಕೇ ಬೇಕೆಂದರೆ ಸೂಚ್ಯಂಕದ ಪುಟ್ ಸ್ಪ್ರೆಡ್ ಸರಳ. ಎಕ್ಸ್‌ಪೈರಿ ಎರಡು ಮೂರು ತಿಂಗಳು ದೂರವಿರಲಿ, ಖರ್ಚನ್ನು ವಿಮೆಯ ಕಂತಿನಂತೆ ಮೊದಲೇ ಕಳೆದುಬಿಡಿ. ಕೈಯಲ್ಲಿರುವ ಷೇರನ್ನೇ ಸ್ವಲ್ಪ ಮಾರಿ ಹಗುರಾಗುವುದೂ ಕಾಪೇ, ಅದಕ್ಕೆ ಥೀಟಾ ಇಲ್ಲ.

ಐವಿ ಕಡಿಮೆ ಇದ್ದಾಗ ಕ್ಯಾಲೆಂಡರ್ ಹಾಕು ಅಂತಾರೆ. ಎಲ್ಲಿ ಎಡವುತ್ತೀವಿ?

ಕ್ಯಾಲೆಂಡರ್ ಎಂದರೆ ಹತ್ತಿರದ ತಿಂಗಳ ಆಪ್ಷನ್ ಮಾರಿ, ಅದೇ ಸ್ಟ್ರೈಕ್‌ನ ದೂರದ ತಿಂಗಳದ್ದನ್ನು ಕೊಳ್ಳುವುದು. ಷೇರು ಅಲ್ಲೇ ನಿಂತರೆ ಹತ್ತಿರದ್ದು ಬೇಗ ಕರಗುತ್ತದೆ, ಐವಿ ಏರಿದರೆ ದೂರದ್ದು ಹಿಗ್ಗುತ್ತದೆ. ಬೇಸಿಗೆಗೆ ಹೇಳಿ ಮಾಡಿಸಿದಂತಿದೆ, ನನಗೂ ಇದು ಇಷ್ಟ.

ಎಡವುವ ಜಾಗ ಎರಡು. ದೂರದ ತಿಂಗಳಲ್ಲಿ ಫಲಿತಾಂಶ ಕೂತಿದ್ದರೆ ಅದರ ಐವಿ ಮೊದಲೇ ಉಬ್ಬಿರುತ್ತದೆ. ಅಗ್ಗವೆಂದು ಕೊಂಡದ್ದು ದುಬಾರಿಯಾಗಿರುತ್ತದೆ. ಎರಡನೆಯದು, ಗಾಬರಿ ಬಂದಾಗ ಹತ್ತಿರದ ತಿಂಗಳ ಐವಿ ದೂರದ್ದಕ್ಕಿಂತ ಹೆಚ್ಚು ಏರುತ್ತದೆ, ಷೇರೂ ಸ್ಟ್ರೈಕ್ ಬಿಟ್ಟು ದೂರ ಓಡಿರುತ್ತದೆ. ಐವಿ ಏರಿದರೂ ಕ್ಯಾಲೆಂಡರ್ ಸೋಲುತ್ತದೆ. ಸೋಲು ಕೊಟ್ಟ ದುಡ್ಡಿಗೆ ಸೀಮಿತ ಎಂಬುದೊಂದೇ ಸಮಾಧಾನ, ಅದೂ ಹತ್ತಿರದ ಆಪ್ಷನ್ ಮುಗಿಯುವ ಮುಂಚೆ ಇಡೀ ಜೋಡಿಯನ್ನು ಬಿಡಿಸಿಕೊಂಡರೆ.

ಕವರ್ಡ್ ಕಾಲ್ ಎಕ್ಸ್‌ಪೈರಿಗೆ ಇನ್ನೂ ಎರಡು ವಾರ ಇತ್ತು, ರಾತ್ರೋರಾತ್ರಿ ಷೇರು ಹೋಗಿಬಿಟ್ಟಿದೆ. ಯಾಕೆ?

ಮಾರನೇ ದಿನ ಡಿವಿಡೆಂಡ್‌ನ ಎಕ್ಸ್ ದಿನಾಂಕ (ಆ ದಿನದಿಂದ ಷೇರು ಕೊಂಡವರಿಗೆ ಆ ಡಿವಿಡೆಂಡ್ ಸಿಗದು) ಇತ್ತೇ ನೋಡಿ. ಅಮೆರಿಕದ ಷೇರು ಆಪ್ಷನ್‌ಗಳನ್ನು ಕೊಂಡವರು ಯಾವ ದಿನ ಬೇಕಾದರೂ ಚಲಾಯಿಸಬಹುದು. ಷೇರು ನಿಮ್ಮ ಕಾಲ್‌ನ ಸ್ಟ್ರೈಕ್ ದಾಟಿದ್ದು, ಅದರಲ್ಲಿ ಉಳಿದ ಕಾಲದ ಬೆಲೆ (ಈಗಲೇ ಚಲಾಯಿಸಿದರೆ ಸಿಗುವುದಕ್ಕಿಂತ ಮೇಲಿನ ಪ್ರೀಮಿಯಂ) ಡಿವಿಡೆಂಡ್‌ಗಿಂತ ಕಡಿಮೆ ಇದ್ದರೆ, ಕೊಂಡವರು ಹಿಂದಿನ ದಿನವೇ ಚಲಾಯಿಸಿ ಡಿವಿಡೆಂಡ್ ಎತ್ತಿಕೊಳ್ಳುತ್ತಾರೆ. ಐವಿ ತಗ್ಗಿರುವ ಬೇಸಿಗೆಯಲ್ಲಿ ಕಾಲದ ಬೆಲೆ ಬೇಗ ಖಾಲಿಯಾಗುವುದರಿಂದ ಇದು ಹೆಚ್ಚು ನಡೆಯುತ್ತದೆ.

ಪರೀಕ್ಷೆ ಸುಲಭ: ಅದೇ ಸ್ಟ್ರೈಕ್, ಅದೇ ಎಕ್ಸ್‌ಪೈರಿಯ ಪುಟ್ ಬೆಲೆ ನೋಡಿ, ಕಾಲ್‌ನಲ್ಲಿ ಉಳಿದ ಕಾಲದ ಬೆಲೆ ಹೆಚ್ಚುಕಡಿಮೆ ಅಷ್ಟೇ. ಪುಟ್ 15 ಸೆಂಟ್, ಡಿವಿಡೆಂಡ್ 40 ಸೆಂಟ್ ಇದ್ದರೆ ಷೇರು ಹೋಯಿತೆಂದೇ ಲೆಕ್ಕ. ಉಳಿಸಿಕೊಳ್ಳಬೇಕಾದರೆ ಎಕ್ಸ್ ದಿನಾಂಕದ ಹಿಂದಿನ ಮಧ್ಯಾಹ್ನದೊಳಗೆ ಕಾಲ್ ಅನ್ನು ವಾಪಸ್ ಕೊಳ್ಳಿ, ಇಲ್ಲವೇ ಮುಂದಿನ ತಿಂಗಳಿಗೆ ಸರಿಸಿ. ಸ್ಪ್ರೆಡ್‌ನಲ್ಲಿ ಮಾರಿದ ಕಾಲ್‌ಗೆ ಹೀಗಾದರೆ ಇನ್ನೂ ತೊಡಕು, ಏಕೆಂದರೆ ಕೈಯಲ್ಲಿ ಇಲ್ಲದ ಷೇರನ್ನು ಕೊಟ್ಟಂತಾಗಿ, ಡಿವಿಡೆಂಡ್ ಕೊಡಬೇಕಾದವರು ನೀವೇ.